ಡಿಜಿಟಲ್ ವಾಸ್ತುವಿನ್ಯಾಸ ಸ್ಟುಡಿಯೊ

ಡಿಜಿಟಲ್ ವಾಸ್ತುವಿನ್ಯಾಸ ಸ್ಟುಡಿಯೊ: ವಾಸ್ತುಶಿಲ್ಪ ವಿದ್ಯಾರ್ಥಿಗಳು ಒಬ್ಬಿಬ್ಬರು ಅಧ್ಯಾಪಕರ ಸಮ್ಮುಖದಲ್ಲಿ, ಹತ್ತು ಹದಿನೈದು ಮಂದಿಯ ಸಣ್ಣ ತಂಡವಾಗಿ ಕೂಡಿ, ಒಂದೇ ವಿನ್ಯಾಸ ಸಮಸ್ಯೆಯನ್ನು ಕೈಗೆತ್ತಿಕೊಂಡು, ಮೊದಲ ಕಲ್ಪನೆಯಿಂದ ಹಿಡಿದು ಮಾದರಿಯ ನಿರ್ಮಾಣದವರೆಗಿನ ಎಲ್ಲ ಹಂತಗಳನ್ನೂ ಗಣಕಯಂತ್ರದ ಮಾಧ್ಯಮದಲ್ಲಿಯೇ ನಡೆಸುವ ತೀವ್ರ ಸ್ವರೂಪದ ಅಭ್ಯಾಸಕ್ರಮ. ಇದರ ಅವಧಿ ಕೆಲವೆಡೆ ನಾಲ್ಕು ದಿನ, ಕೆಲವೆಡೆ ನಾಲ್ಕು ವಾರ, ಬಹುತೇಕ ವಿಶ್ವವಿದ್ಯಾನಿಲಯಗಳಲ್ಲಿ ಒಂದು ಪೂರ್ಣ ಸೆಮಿಸ್ಟರು. ಒಂದೂವರೆ ವರ್ಷಕ್ಕೆ ಸಮೀಪಿಸುವ ಕ್ರಮಗಳೂ ಉಂಟು. ಗಣಕದಲ್ಲಿ ನಕ್ಷೆ ಬರೆಯುವುದನ್ನು ಕಲಿಸುವ ತರಗತಿಗೂ ಇದಕ್ಕೂ ಇರುವ ಅಂತರ ಮೂಲಭೂತವಾದುದು. ಆ ತರಗತಿಯಲ್ಲಿ ಮೊದಲೇ ಮನಸ್ಸಿನಲ್ಲಿ ರೂಪುಗೊಂಡ ಕಟ್ಟಡವನ್ನು ಅಚ್ಚುಕಟ್ಟಾಗಿ ಬರೆದಿಡುವುದಷ್ಟೇ ಯಂತ್ರದ ಕೆಲಸ. ಸ್ಟುಡಿಯೊದಲ್ಲಾದರೋ ಕಟ್ಟಡದ ರೂಪವು ಯಾವ ನಿಯಮದಿಂದ, ಯಾವ ಬಲಗಳ ಒತ್ತಡದಿಂದ, ಯಾವ ದ್ರವ್ಯದ ಗುಣದಿಂದ ಹುಟ್ಟಬೇಕೆಂಬುದನ್ನು ವಿದ್ಯಾರ್ಥಿಯು ಯಂತ್ರದ ಮುಂದೆ ಕುಳಿತು ಶೋಧಿಸಬೇಕಾಗುತ್ತದೆ. ಇಪ್ಪತ್ತನೆಯ ಶತಮಾನದ ಕೊನೆಯ ದಶಕದಲ್ಲಿ ವಾಸ್ತುಶಿಲ್ಪ ಶಿಕ್ಷಣದ ಮುಖವನ್ನೇ ಬದಲಿಸಿದ ಪ್ರಯೋಗಗಳಲ್ಲಿ ಇದಕ್ಕೆ ಅಗ್ರಸ್ಥಾನ ಸಲ್ಲತಕ್ಕದ್ದು. ಇದರ ಸುಪ್ರಸಿದ್ಧವಾದ ಆರಂಭವು 1994ರಲ್ಲಿ ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾನಿಲಯದಲ್ಲಿ ನಡೆದುದು.

ಸ್ಟುಡಿಯೊ ಎಂಬ ಬೋಧನಾಪದ್ಧತಿಯು ಗಣಕಕ್ಕಿಂತ ಬಹಳ ಹಳೆಯದು. ಪ್ಯಾರಿಸಿನ ಎಕೋಲ್ ದೆ ಬೊಜಾರ್ ಎಂಬ ಲಲಿತಕಲಾ ವಿದ್ಯಾಲಯದಲ್ಲಿ ಹತ್ತೊಂಬತ್ತನೆಯ ಶತಮಾನದುದ್ದಕ್ಕೂ ವಿದ್ಯಾರ್ಥಿಗಳು ತಮಗೊಪ್ಪುವ ಒಬ್ಬ ಆಚಾರ್ಯನ ಕಾರ್ಯಶಾಲೆಯನ್ನು ಸೇರಿ, ಕಿರಿಯರು ಹಿರಿಯರಿಗೆ ನೆರವಾಗುತ್ತ ಹಿರಿಯರಿಂದ ಕಲಿಯುತ್ತ, ಸ್ಪರ್ಧೆಗೆಂದು ಕೊಟ್ಟ ವಿಷಯಕ್ಕೆ ಮೊದಲು ಏಕಾಂತವಾದ ಸಣ್ಣ ಕೋಣೆಯಲ್ಲಿ ಕುಳಿತು ಕೆಲವೇ ತಾಸುಗಳಲ್ಲಿ ಕರಡು ನಕ್ಷೆಯನ್ನು ಬರೆದೊಪ್ಪಿಸಿ, ಆ ಕರಡಿನ ಮೂಲಭಾವಕ್ಕೆ ಬದ್ಧರಾಗಿದ್ದುಕೊಂಡೇ ವಾರಗಟ್ಟಲೆ ಶ್ರಮಿಸಿ ಅದನ್ನು ಪೂರ್ಣಗೊಳಿಸಿ, ಕೊನೆಗೆ ತೀರ್ಪುಗಾರರ ಮಂಡಲಿಯ ಮುಂದಿಡುತ್ತಿದ್ದರು. ಇಂದು ನಮ್ಮ ಕಾಲೇಜುಗಳಲ್ಲಿ ವಿದ್ಯಾರ್ಥಿಗಳ ಎದೆಬಡಿತವನ್ನು ಏರಿಸುವ ಜ್ಯೂರಿಯು ಆ ಪದ್ಧತಿಯ ನೇರ ಸಂತತಿ. ಜರ್ಮನಿಯ ಬೌಹೌಸ್ ವಿದ್ಯಾಲಯವು 1919ರಿಂದ 1933ರವರೆಗಿನ ತನ್ನ ಅಲ್ಪಾಯುಷ್ಯದಲ್ಲಿಯೇ ಇದಕ್ಕೆ ಕಮ್ಮಟವನ್ನು ಜೋಡಿಸಿತು. ಮರ, ಲೋಹ, ಗಾಜು, ನೂಲುಗಳನ್ನು ಕೈಯಾರೆ ಮುಟ್ಟಿ ಅರಿಯದವನು ವಿನ್ಯಾಸಕ್ಕೆ ಅಧಿಕಾರಿಯಲ್ಲ ಎಂಬುದು ಅದರ ನಿಲುವಾಗಿತ್ತು. ಅಮೆರಿಕದ ಚಿಂತಕ ಡೊನಾಲ್ಡ್ ಶೋನ್ 1983ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಸ್ಟುಡಿಯೊದ ಮೇಜಿನ ಬಳಿ ಗುರುಶಿಷ್ಯರ ನಡುವೆ ಪೆನ್ಸಿಲು ಹಿಡಿದು ನಡೆಯುವ ಸಂವಾದವನ್ನು ಸೂಕ್ಷ್ಮವಾಗಿ ಪರಿಶೀಲಿಸಿ, ಎಲ್ಲ ವೃತ್ತಿಗಳ ಶಿಕ್ಷಣಕ್ಕೂ ಅದರಲ್ಲಿ ಕಲಿಯತಕ್ಕ ಅಂಶವುಂಟೆಂದು ಪ್ರತಿಪಾದಿಸಿದರು. ಹೀಗೆ ಗಣಕವು ಬಂದಾಗ ಅದು ಬರಿದಾದ ಕೋಣೆಯನ್ನು ಪ್ರವೇಶಿಸಲಿಲ್ಲ. ಇನ್ನೂರು ವರ್ಷಗಳ ರೂಢಿ, ಗರ್ವ, ಶಿಸ್ತುಗಳು ತುಂಬಿದ ಮನೆಯನ್ನು ಹೊಕ್ಕಿತು.

ಹೊಕ್ಕ ಬಗೆಯೂ ನೇರವಾದುದಲ್ಲ. 1963ರಲ್ಲಿ ಎಂ.ಐ.ಟಿ.ಯ ಸಂಶೋಧಕ ಐವನ್ ಸದರ್ಲೆಂಡ್ ತಮ್ಮ ಪ್ರೌಢಪ್ರಬಂಧಕ್ಕಾಗಿ ರಚಿಸಿದ ಸ್ಕೆಚ್‌ಪ್ಯಾಡ್ ಎಂಬ ಕ್ರಮವಿಧಿಯಲ್ಲಿ, ಪರದೆಯ ಮೇಲೆ ಬೆಳಕಿನ ಲೇಖನಿಯಿಂದ ಗೆರೆಯೆಳೆಯಬಹುದಾಗಿದ್ದುದು ಮಾತ್ರವಲ್ಲದೆ, ಎರಡು ಗೆರೆಗಳು ಎಂದೆಂದಿಗೂ ಸಮಾಂತರವಾಗಿರಲಿ, ಇವೆರಡರ ಉದ್ದ ಸಮನಾಗಿರಲಿ ಎಂದು ಯಂತ್ರಕ್ಕೆ ಆಜ್ಞಾಪಿಸಲೂ ಅವಕಾಶವಿತ್ತು. ಒಂದನ್ನು ಸರಿಸಿದರೆ ಮತ್ತೊಂದು ಆಜ್ಞೆಯನ್ನು ಪಾಲಿಸುತ್ತ ತಾನೇ ಸರಿಯುತ್ತಿತ್ತು. ನಾಲ್ಕು ದಶಕಗಳ ತರುವಾಯ ಸ್ಟುಡಿಯೊಗಳಲ್ಲಿ ಮನೆಮಾತಾದ ವಿಚಾರದ ಬೀಜವೆಲ್ಲವೂ ಇದರಲ್ಲಿ ಅಡಗಿತ್ತೆಂದರೆ ಅತ್ಯುಕ್ತಿಯಲ್ಲ. ಅದೇ ಸಂಸ್ಥೆಯಲ್ಲಿ 1967ರಲ್ಲಿ ನಿಕೊಲಸ್ ನೆಗ್ರೊಪಾಂಟೆ ಸ್ಥಾಪಿಸಿದ ಆರ್ಕಿಟೆಕ್ಚರ್ ಮೆಷಿನ್ ಗ್ರೂಪ್, ವಿನ್ಯಾಸಕಾರನೊಡನೆ ಸಂವಾದಿಸಬಲ್ಲ ಯಂತ್ರದ ಕನಸನ್ನು ಕಂಡಿತು; ಮುಂದೆ 1985ರಲ್ಲಿ ಆರಂಭವಾದ ಮೀಡಿಯಾ ಲ್ಯಾಬ್ ಅದರ ವಿಸ್ತರಣ. ಆದರೆ ಸಾಮಾನ್ಯ ಕಾಲೇಜುಗಳಿಗೆ ಮುಟ್ಟಿದ್ದು ಈ ಕನಸಲ್ಲ, 1982ರಲ್ಲಿ ಮಾರುಕಟ್ಟೆಗೆ ಬಂದ ಆಟೋಕ್ಯಾಡ್. ಅದು ಡ್ರಾಯಿಂಗ್ ಬೋರ್ಡಿನ ಕೆಲಸವನ್ನು ತೀವ್ರಗತಿಯಲ್ಲಿ ಮಾಡಿಕೊಡುವ ಸಾಧನವಾಗಿತ್ತು. ಆದಕಾರಣ ಗಣಕಗಳು ಸ್ಟುಡಿಯೊದಿಂದ ದೂರವಾಗಿ, ಬೇರೊಂದು ಕೊಠಡಿಯಲ್ಲಿ, ಬೇರೊಂದು ವೇಳಾಪಟ್ಟಿಯಲ್ಲಿ, ಬೇರೊಬ್ಬ ಬೋಧಕನ ಅಧೀನದಲ್ಲಿ ಉಳಿದುಕೊಂಡವು.

ಈ ನಡುವೆ ವಕ್ರರೇಖೆಯ ಗಣಿತವು ಬೇರೆ ದಾರಿಯಲ್ಲಿ ಬೆಳೆಯುತ್ತಿತ್ತು. ಫ್ರಾನ್ಸಿನ ಕಾರು ತಯಾರಕ ಸಂಸ್ಥೆಗಳಾದ ಸಿಟ್ರೊಯೆನ್ ಮತ್ತು ರೆನೊಗಳಲ್ಲಿ ಕ್ರಮವಾಗಿ ಪಾಲ್ ದ ಕಾಸ್ಟೆಲ್ಜೊ ಮತ್ತು ಪಿಯೆರ್ ಬೆಜಿಯೆ ಎಂಬಿಬ್ಬರು, ಕೆಲವೇ ನಿಯಂತ್ರಣ ಬಿಂದುಗಳ ಮೂಲಕ ನಯವಾದ ಬಾಗನ್ನು ನಿಖರವಾಗಿ ವರ್ಣಿಸುವ ವಿಧಾನಗಳನ್ನು ಪರಸ್ಪರ ಸ್ವತಂತ್ರವಾಗಿ ಕಂಡುಕೊಂಡಿದ್ದರು. ವಿಮಾನದ ರೆಕ್ಕೆ, ಹಡಗಿನ ಒಡಲು, ಕಾರಿನ ಮೈಗಳಿಗೆ ಬಳಕೆಯಾಗುತ್ತಿದ್ದ ಈ ವಿದ್ಯೆ ತೊಂಬತ್ತರ ದಶಕದಲ್ಲಿ ಎರಡು ಕವಲುಗಳಾಗಿ ಕಟ್ಟಡದ ಲೋಕಕ್ಕೆ ಬಂತು. ವಿಮಾನೋದ್ಯಮಕ್ಕಾಗಿ ದಸ್ಸೊ ಸಂಸ್ಥೆ ರೂಪಿಸಿದ್ದ ಕಟಿಯ ತಂತ್ರಾಂಶವನ್ನು ಫ್ರಾಂಕ್ ಗೆರಿಯವರ ಕಾರ್ಯಾಲಯವು 1992ರ ಬಾರ್ಸಿಲೋನದ ಮತ್ಸ್ಯಶಿಲ್ಪಕ್ಕೂ, 1997ರಲ್ಲಿ ತೆರೆದ ಬಿಲ್ಬಾವೊದ ಗುಗೆನ್‌ಹೈಮ್ ಸಂಗ್ರಹಾಲಯಕ್ಕೂ ಬಳಸಿಕೊಂಡುದು ಒಂದು ಕವಲು. ಚಲನಚಿತ್ರಗಳ ವಿಶೇಷ ದೃಶ್ಯಗಳಿಗೆಂದು ತಯಾರಾದ ಏಲಿಯಸ್, ಸಾಫ್ಟ್‌ಇಮೇಜ್ ಮೊದಲಾದ ಸಜೀವಚಿತ್ರಣ ತಂತ್ರಾಂಶಗಳು ಮತ್ತೊಂದು ಕವಲು. ಗೆರಿಯವರ ಕಾರ್ಯಾಲಯದಲ್ಲಿ ಗಣಕವು ಕೈಯಿಂದ ಮಾಡಿದ ಕಾಗದದ ಮಾದರಿಯನ್ನು ಅಳೆದು ಕಟ್ಟಲು ನೆರವಾಯಿತು. ಸಜೀವಚಿತ್ರಣದ ತಂತ್ರಾಂಶವಾದರೋ, ಕಾಲವೆಂಬ ನಾಲ್ಕನೆಯ ಆಯಾಮವನ್ನೇ ವಿನ್ಯಾಸಕಾರನ ಕೈಗೆ ಕೊಟ್ಟಿತು. ವಿದ್ಯಾರ್ಥಿಗಳನ್ನು ಸೆಳೆದದ್ದು ಎರಡನೆಯದು.

ಕೊಲಂಬಿಯದ ವಾಸ್ತುಶಿಲ್ಪ ವಿಭಾಗದ ಡೀನ್ ಆಗಿ 1988ರಲ್ಲಿ ಬರ್ನಾರ್ಡ್ ಚುಮಿ ನೇಮಕಗೊಂಡರು. 2003ರವರೆಗೆ ಆ ಸ್ಥಾನದಲ್ಲಿದ್ದರು. ಪ್ಯಾರಿಸಿನ ಲಾ ವಿಲೆತ್ ಉದ್ಯಾನದ ವಿನ್ಯಾಸದಿಂದ ಖ್ಯಾತರಾಗಿದ್ದ ಇವರು ಲಂಡನ್ನಿನ ಆರ್ಕಿಟೆಕ್ಚರಲ್ ಅಸೋಸಿಯೇಷನ್ ವಿದ್ಯಾಲಯದಲ್ಲಿ ಪಾಠ ಹೇಳಿದವರು. ಒಬ್ಬೊಬ್ಬ ಅಧ್ಯಾಪಕನೂ ತನ್ನದೇ ಪ್ರಶ್ನೆಯನ್ನು ಹಿಡಿದು ಒಂದು ಘಟಕವನ್ನು ಸ್ವತಂತ್ರವಾಗಿ ನಡೆಸುವ ಅಲ್ಲಿನ ಪದ್ಧತಿಯ ರುಚಿಯನ್ನು ಕಂಡವರು. ಯುವ ಅಧ್ಯಾಪಕರಿಗೆ ಮುಕ್ತವಾದ ಅಂಗಳವನ್ನು ಬಿಟ್ಟುಕೊಡುವ ಧೈರ್ಯ ಅವರಿಗಿತ್ತು. 1994ರ ಶರತ್ಕಾಲದ ಸೆಮಿಸ್ಟರಿನಲ್ಲಿ, ಏವರಿ ಹಾಲ್ ಎಂಬ ಕಟ್ಟಡದಲ್ಲಿ, ಗ್ರೆಗ್ ಲಿನ್, ಹನಿ ರಶೀದ್, ಸ್ಕಾಟ್ ಮಾರ್ಬಲ್ ಇವರ ಸ್ಟುಡಿಯೊಗಳಿಗೆ ಗಣಕಗಳನ್ನು ತಂದು ವಿದ್ಯಾರ್ಥಿಗಳ ಮೇಜುಗಳ ಮೇಲೆಯೇ ಇರಿಸಲಾಯಿತು. ಪೇಪರ್‌ಲೆಸ್ ಸ್ಟುಡಿಯೊ ಎಂದು ಪ್ರಸಿದ್ಧವಾದುದು ಇದೇ. ಹೆಸರು ಹಾಗಿದ್ದರೂ ಕಾಗದವು ಅಲ್ಲಿಂದ ಪೂರ್ತಿಯಾಗಿ ಮಾಯವಾಗಲಿಲ್ಲ. ಮುಖ್ಯವಾದ ಸಂಗತಿಯು ಸ್ಥಳಾಂತರದ್ದು. ದೂರದ ಪ್ರಯೋಗಾಲಯದಿಂದ ಯಂತ್ರವು ವಿನ್ಯಾಸ ನಡೆಯುವ ಮೇಜಿಗೆ ಬಂದೊಡನೆ ಅದರ ಪಾತ್ರವೇ ಬದಲಾಯಿತು. ಗುರುವು ಮೇಜಿನ ಬಳಿ ಬಂದು ನಿಂತಾಗ ಇಬ್ಬರೂ ನೋಡುತ್ತಿದ್ದುದು ಒಂದೇ ಪರದೆಯನ್ನು, ಮತ್ತು ಆ ಪರದೆಯ ಮೇಲಿನ ವಸ್ತು ಇನ್ನೂ ಚಲಿಸುತ್ತಿತ್ತು. ತೀರ ಸರಳವೆಂದು ತೋರುವ ಈ ಏರ್ಪಾಡನ್ನು ನಾನು ಈ ಇತಿಹಾಸದ ಅತಿ ದೊಡ್ಡ ಆವಿಷ್ಕಾರವೆಂದು ಎಣಿಸುತ್ತೇನೆ. ಅದೇ ಯಂತ್ರವನ್ನು ಕೊಂಡು ಬೀಗ ಹಾಕಿದ ಕೋಣೆಯಲ್ಲಿಟ್ಟ ಶಾಲೆಗಳು ಎಷ್ಟೋ ಇದ್ದವು. ಅವುಗಳಿಂದ ಹೊಸ ವಾಸ್ತುವಿಚಾರ ಹುಟ್ಟಲಿಲ್ಲ.

ಆ ಕಾಲದ ಸಿಲಿಕಾನ್ ಗ್ರಾಫಿಕ್ಸ್ ಯಂತ್ರಗಳು ಸಾವಿರಾರು ಡಾಲರು ಬೆಲೆಬಾಳುವಂಥವು. ತಂತ್ರಾಂಶಗಳು ವಾಸ್ತುಶಿಲ್ಪಿಗಳಿಗೆಂದು ಮಾಡಿದವಲ್ಲವಾದುದರಿಂದ ಗೋಡೆ, ಬಾಗಿಲು, ಮೆಟ್ಟಿಲುಗಳ ಕಲ್ಪನೆಯೇ ಅವುಗಳಿಗಿರಲಿಲ್ಲ. ಅವುಗಳಲ್ಲಿದ್ದುದು ಕಣಗಳ ಪ್ರವಾಹ, ಗುರುತ್ವಬಲ, ಗಾಳಿ, ಎಲುಬಿನ ಕೀಲುಗಳಂತೆ ಒಂದಕ್ಕೊಂದು ತಗುಲಿಕೊಂಡ ಸರಪಣಿ, ಹತ್ತಿರ ಬಂದರೆ ಬೆರೆತುಕೊಳ್ಳುವ ಗೋಲಗಳು ಇವೇ ಮೊದಲಾದ ವಸ್ತುಗಳು. ಲಿನ್ ಅವರ ಸ್ಟುಡಿಯೊದಲ್ಲಿ ವಿದ್ಯಾರ್ಥಿಗಳು ನಿವೇಶನದ ಸುತ್ತಣ ವಾಹನಸಂಚಾರ, ಜನರ ಓಡಾಟ, ಬಿಸಿಲು, ಗಾಳಿಗಳನ್ನು ಬಲಗಳನ್ನಾಗಿ ಭಾವಿಸಿ, ಆ ಬಲಗಳ ನಡುವೆ ಮಿದುವಾದ ಒಂದು ಆಕೃತಿಯನ್ನಿರಿಸಿ, ಅದು ಬಾಗುವ, ಉಬ್ಬುವ, ಮಡಿಸಿಕೊಳ್ಳುವ ಕ್ರಮವನ್ನು ಗಮನಿಸಿ, ಆ ಚಲನೆಯ ಒಂದು ಕ್ಷಣವನ್ನು ಕಟ್ಟಡದ ಮೂಲವೆಂದು ಆರಿಸಿಕೊಳ್ಳುತ್ತಿದ್ದರು. ರಶೀದ್ ಅವರ ಆಸಕ್ತಿ ಬೇರೆಡೆಗಿತ್ತು: ಮಾಹಿತಿಯೇ ಜಾಗವಾಗುವ ಬಗೆ ಅವರನ್ನು ಕಾಡುತ್ತಿತ್ತು. ಲಿಸ್ ಆನ್ ಕುಟ್ಯೂರ್ ಅವರೊಡನೆ ಕೂಡಿ ಅವರು ನಡೆಸುತ್ತಿದ್ದ ಅಸಿಂಪ್ಟೋಟ್ ಸಂಸ್ಥೆ 1999ರಲ್ಲಿ ನ್ಯೂಯಾರ್ಕಿನ ಷೇರುಪೇಟೆಗಾಗಿ ಪರದೆಯೊಳಗಷ್ಟೇ ಇರುವ ಮೂರಾಯಾಮದ ವಹಿವಾಟಿನ ಅಂಗಳವೊಂದನ್ನು ನಿರ್ಮಿಸಿಕೊಟ್ಟಿತು. ಈ ಸ್ಟುಡಿಯೊಗಳಲ್ಲಿ ಗುರುಶಿಷ್ಯರ ಸಂಬಂಧವೇ ಹೊಸ ಬಗೆಯದಾಯಿತು. ಏಕೆಂದರೆ ತಂತ್ರಾಂಶವನ್ನು ಅಧ್ಯಾಪಕರಿಗಿಂತ ಚೆನ್ನಾಗಿ ಬಲ್ಲ ವಿದ್ಯಾರ್ಥಿಗಳು ಹಲವರಿದ್ದರು. ವಿದ್ಯಾರ್ಥಿ ತೋರಿಸಿದ ಉಪಾಯವನ್ನು ಗುರು ಕಲಿಯುವುದು, ಆ ಉಪಾಯದಿಂದ ಬಂದ ರೂಪಕ್ಕೆ ಅರ್ಥವೇನೆಂದು ಗುರು ಪ್ರಶ್ನಿಸುವುದು, ಆ ಪ್ರಶ್ನೆಗೆ ಉತ್ತರ ಹುಡುಕುತ್ತ ಇಬ್ಬರೂ ರಾತ್ರಿ ಹೊತ್ತುಮೀರುವವರೆಗೆ ಕುಳಿತಿರುವುದು, ಹೀಗೆ ಕೆಲಸ ಸಾಗುತ್ತಿತ್ತು.

ಬಾಗಿದ ರೂಪಗಳ ಕಡೆಗೆ ಇಷ್ಟೊಂದು ಒಲವು ಏಕೆಂಬ ಪ್ರಶ್ನೆಗೆ ಯಂತ್ರದ ಸೌಲಭ್ಯವೊಂದೇ ಉತ್ತರವಲ್ಲ. ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ 1988ರಲ್ಲಿ ಏರ್ಪಟ್ಟ ಒಂದು ಪ್ರದರ್ಶನವು, ಚುಮಿ, ಗೆರಿ ಮೊದಲಾದವರ ಕೃತಿಗಳ ಮೂಲಕ, ಒಡೆದ ತುಣುಕುಗಳ, ಓರೆಯಾದ ಕೋನಗಳ, ಪರಸ್ಪರ ಕಾದಾಡುವ ಭಾಗಗಳ ವಾಸ್ತುಶಿಲ್ಪವನ್ನು ಮುಂದಿಟ್ಟಿತ್ತು. ನಗರದ ವೈರುಧ್ಯಗಳನ್ನು ಸಂಘರ್ಷದಿಂದ ತೋರಿಸುವುದಕ್ಕೆ ಬದಲು ನಿರಂತರವಾದ ಬಾಗಿನಲ್ಲಿ ಹೊಂದಿಸಿಕೊಳ್ಳುವುದು ಸಾಧ್ಯವೆಂದು ಲಿನ್ ವಾದಿಸಿದರು. ಅವರ ಸಂಪಾದಕತ್ವದಲ್ಲಿ 1993ರಲ್ಲಿ ಬಂದ ಲಂಡನ್ನಿನ ಆರ್ಕಿಟೆಕ್ಚರಲ್ ಡಿಸೈನ್ ಪತ್ರಿಕೆಯ ವಿಶೇಷ ಸಂಚಿಕೆಯು ಮಡಿಕೆಯನ್ನೇ ವಿಷಯವಾಗಿ ಹೊಂದಿತ್ತು. ಅದರ ಹಿನ್ನೆಲೆಯಲ್ಲಿ ಫ್ರೆಂಚ್ ದಾರ್ಶನಿಕ ಜಿಲ್ ದಲೂಜ್ ಅವರು ಲೈಬ್‌ನಿಟ್ಸನನ್ನು ಕುರಿತು 1988ರಲ್ಲಿ ಬರೆದ ಗ್ರಂಥವಿತ್ತು. ಕಲನಶಾಸ್ತ್ರವನ್ನು ಕಂಡುಹಿಡಿದವರಲ್ಲೊಬ್ಬನಾದ ಆ ಹದಿನೇಳನೆಯ ಶತಮಾನದ ಗಣಿತಜ್ಞನು ವಾಸ್ತುಶಿಲ್ಪದ ಸ್ಟುಡಿಯೊದಲ್ಲಿ ಚರ್ಚೆಗೆ ಬಂದುದು ಆಕಸ್ಮಿಕವಲ್ಲ: ಪರದೆಯ ಮೇಲೆ ವಿದ್ಯಾರ್ಥಿ ಎಳೆಯುತ್ತಿದ್ದ ಪ್ರತಿಯೊಂದು ಬಾಗಿನ ಹಿಂದೆಯೂ ಕಲನಗಣಿತವಿತ್ತು. ಈ ವಿಚಾರದ ಮೊದಲ ಕಟ್ಟಡಗಳಲ್ಲಿ ಒಂದು ನ್ಯೂಯಾರ್ಕಿನ ಕ್ವೀನ್ಸ್ ಭಾಗದಲ್ಲಿ 1999ರಲ್ಲಿ ಪೂರ್ಣಗೊಂಡ ಕೊರಿಯನ್ ಪ್ರೆಸ್ಬಿಟೇರಿಯನ್ ಚರ್ಚು. ಹಳೆಯದೊಂದು ಲಾಂಡ್ರಿಯ ಕಟ್ಟಡವನ್ನು ಪರಿವರ್ತಿಸಿ ಮಾಡಿದ ಇದನ್ನು ಲಿನ್, ಡಗ್ಲಸ್ ಗರೊಫಲೊ, ಮೈಕೇಲ್ ಮೆಕಿಂಟರ್ಫ್ ಎಂಬ ಮೂವರು ಬೇರೆಬೇರೆ ನಗರಗಳಲ್ಲಿ ಕುಳಿತು, ಗಣಕದ ಕಡತಗಳನ್ನು ಪರಸ್ಪರ ಕಳುಹಿಸಿಕೊಳ್ಳುತ್ತ ವಿನ್ಯಾಸಗೊಳಿಸಿದರು.

ಆಕ್ಷೇಪಣೆಗಳು ಆಗಲೇ ಹುಟ್ಟಿದ್ದವು, ಮತ್ತು ಅವು ಲಘುವಾದವಲ್ಲ. ಕೊಲಂಬಿಯದಲ್ಲಿಯೇ ದೀರ್ಘಕಾಲ ಅಧ್ಯಾಪಕರಾಗಿದ್ದ ಕೆನೆತ್ ಫ್ರಾಂಪ್ಟನ್, ಪೇಪರ್‌ಲೆಸ್ ಸ್ಟುಡಿಯೊ ಆರಂಭವಾದ ಮರುವರ್ಷವೇ, ಅಂದರೆ 1995ರಲ್ಲಿ, ಕಟ್ಟುವ ಕಲೆಯ ಸಂಸ್ಕೃತಿಯನ್ನು ಕುರಿತ ತಮ್ಮ ಬೃಹದ್ಗ್ರಂಥವನ್ನು ಪ್ರಕಟಿಸಿದರು. ಭಾರವು ಹೇಗೆ ನೆಲಕ್ಕಿಳಿಯುತ್ತದೆ, ತೊಲೆಯು ಕಂಬದ ಮೇಲೆ ಹೇಗೆ ಕೂರುತ್ತದೆ ಎಂಬುದರಲ್ಲಿಯೇ ವಾಸ್ತುಶಿಲ್ಪದ ಕಾವ್ಯವಿದೆಯೆಂದು ನಂಬಿದವರಿಗೆ, ತೂಕವೇ ಇಲ್ಲದ ಪರದೆಯ ಮೇಲೆ ತೇಲುವ ಆಕೃತಿಗಳು ಸಮಾಧಾನವನ್ನು ಕೊಡಲಾರದೆ ಹೋದವು. ಫಿನ್ಲೆಂಡಿನ ಯುಹಾನಿ ಪಲಾಸ್ಮ 1996ರ ತಮ್ಮ ಗ್ರಂಥದಲ್ಲಿ, ಕಣ್ಣೊಂದಕ್ಕೇ ಪ್ರಾಧಾನ್ಯ ಕೊಟ್ಟು ಸ್ಪರ್ಶಾದಿ ಇಂದ್ರಿಯಗಳನ್ನು ಕಡೆಗಣಿಸಿದ ವಾಸ್ತುಶಿಲ್ಪವನ್ನು ಖಂಡಿಸಿದರು. ಈ ಟೀಕೆಯಲ್ಲಿ ಸತ್ಯಾಂಶ ಬಹಳವಿದೆಯೆಂದು ಒಪ್ಪಲೇಬೇಕು. ಮೊದಲ ವರ್ಷಗಳ ವಿದ್ಯಾರ್ಥಿಕೃತಿಗಳಲ್ಲಿ ಹಲವು ಒಂದನ್ನೊಂದು ಹೋಲುತ್ತಿದ್ದವು. ಗ್ರಂಥಾಲಯವಾಗಲಿ ರೈಲುನಿಲ್ದಾಣವಾಗಲಿ ಒಂದೇ ಬಗೆಯ ಹೊಳೆಯುವ ಚರ್ಮವನ್ನು ಹೊದ್ದಿರುತ್ತಿದ್ದವು. ಅದನ್ನು ಯಾವ ದ್ರವ್ಯದಿಂದ, ಎಷ್ಟು ದಪ್ಪಕ್ಕೆ, ಯಾರು ಕಟ್ಟುತ್ತಾರೆಂದು ಕೇಳಿದರೆ ಉತ್ತರವಿರುತ್ತಿರಲಿಲ್ಲ. ಆದರೆ ಈ ದೋಷವು ಗಣಕದ ಸ್ವಭಾವದಲ್ಲಿ ಇರತಕ್ಕದ್ದಲ್ಲ, ಪರೀಕ್ಷೆಯು ಚಿತ್ರದ ಮಟ್ಟದಲ್ಲಿಯೇ ನಿಂತುಹೋದುದರಲ್ಲಿತ್ತು. ಇದನ್ನು ತಿದ್ದಿದವು ಮುಂದಿನ ಪೀಳಿಗೆಯ ಸ್ಟುಡಿಯೊಗಳು.

ಲಂಡನ್ನಿನ ಆರ್ಕಿಟೆಕ್ಚರಲ್ ಅಸೋಸಿಯೇಷನ್ 1847ರಲ್ಲಿ ಸ್ಥಾಪಿತವಾದುದು. ಅಲ್ಲಿ ತೊಂಬತ್ತರ ದಶಕದ ಉತ್ತರಾರ್ಧದಲ್ಲಿ ಪ್ಯಾಟ್ರಿಕ್ ಶುಮಾಕರ್ ಮತ್ತು ಬ್ರೆಟ್ ಸ್ಟೀಲ್ ಆರಂಭಿಸಿದ ಡಿಸೈನ್ ರಿಸರ್ಚ್ ಲ್ಯಾಬ್, ಹದಿನಾರು ತಿಂಗಳ ಸ್ನಾತಕೋತ್ತರ ಕ್ರಮ. ಒಬ್ಬ ವಿದ್ಯಾರ್ಥಿ, ಒಂದು ವಿನ್ಯಾಸ ಎಂಬ ಹಳೆಯ ನಿಯಮವನ್ನು ಕೈಬಿಟ್ಟು, ನಾಲ್ಕೈದು ಮಂದಿಯ ಗುಂಪಿಗೆ ಒಂದೇ ಸಂಶೋಧನೆಯನ್ನು ವಹಿಸುವುದು ಇದರ ವೈಶಿಷ್ಟ್ಯ. 2008ರಲ್ಲಿ ಈ ಕ್ರಮದ ಹತ್ತು ವರ್ಷಗಳ ನೆನಪಿಗೆ ಹಳೆಯ ವಿದ್ಯಾರ್ಥಿಗಳಾದ ಆಲ್ವಿನ್ ಹುವಾಂಗ್ ಮತ್ತು ಆಲನ್ ಡೆಂಪ್ಸಿ ವಿನ್ಯಾಸಗೊಳಿಸಿದ ಮಂಟಪವನ್ನು ಬೆಡ್‌ಫರ್ಡ್ ಚೌಕದಲ್ಲಿ ಕಟ್ಟಲಾಯಿತು. ನಾರು ಬೆರೆಸಿದ 13 ಮಿಲಿಮೀಟರು ದಪ್ಪದ ಕಾಂಕ್ರೀಟು ಫಲಕಗಳನ್ನು ಒಂದಕ್ಕೊಂದು ತೊಡಿಸಿ ನಿಲ್ಲಿಸಿದ ಆ ರಚನೆಯಲ್ಲಿ ಗೋಡೆ, ಮಾಡು, ಆಸನಗಳ ನಡುವೆ ಗಡಿಯಿರಲಿಲ್ಲ. ಅದೇ ವರ್ಷ ವೆನಿಸಿನಲ್ಲಿ ಶುಮಾಕರ್ ಅವರು ಈ ಸಮಗ್ರ ಪ್ರವೃತ್ತಿಗೆ ಪ್ಯಾರಾಮೆಟ್ರಿಸಿಸಂ ಎಂಬ ಹೆಸರಿಟ್ಟು, ಆಧುನಿಕತಾವಾದದ ತರುವಾಯ ಬಂದ ಮಹಾಶೈಲಿ ಇದೇ ಎಂದು ಘೋಷಿಸಿದರು. ಈ ಘೋಷಣೆಯನ್ನು ಒಪ್ಪುವುದು ಕಷ್ಟ. ಕಲಿಕೆಯ ವಿಧಾನವೊಂದನ್ನು ಶೈಲಿಯೆಂದು ಕರೆದೊಡನೆ ಅದರ ಅರ್ಧ ಪ್ರಯೋಜನ ನಷ್ಟವಾಗುತ್ತದೆ.

ಪ್ಯಾರಾಮೆಟ್ರಿಕ್ ವಿಧಾನದ ತಿರುಳು ಚುಕ್ಕಿ ರಂಗೋಲಿಯನ್ನು ಬಲ್ಲವರಿಗೆ ಸುಲಭವಾಗಿ ತಿಳಿಯುವಂಥದು: ಚುಕ್ಕಿಗಳ ಎಣಿಕೆ ಮತ್ತು ಎಳೆಯನ್ನು ಸುತ್ತಿಸುವ ನಿಯಮ ಇವೆರಡನ್ನು ಗೊತ್ತುಮಾಡಿಕೊಂಡರೆ, ಎಣಿಕೆಯನ್ನು ಹೆಚ್ಚಿಸಿದಂತೆಲ್ಲ ಅದೇ ನಿಯಮದಿಂದ ಹೊಸ ಹೊಸ ಆಕೃತಿಗಳು ಮೂಡುತ್ತವೆ. ವಿದ್ಯಾರ್ಥಿಯು ಛಾವಣಿಯನ್ನು ಬರೆಯುವುದಿಲ್ಲ. ಕಂಬಗಳ ಅಂತರ, ಬಾಗಿನ ಎತ್ತರ, ಫಲಕದ ಗಾತ್ರ, ಸೂರ್ಯನ ಕೋನ ಇವುಗಳ ಪರಸ್ಪರ ಸಂಬಂಧವನ್ನು ಬರೆಯುತ್ತಾನೆ. ಒಂದು ಸಂಖ್ಯೆಯನ್ನು ತಿದ್ದಿದೊಡನೆ ಛಾವಣಿಯ ನೂರಾರು ಭಾಗಗಳು ತಾವಾಗಿಯೇ ಮರುಹೊಂದಿಕೊಳ್ಳುತ್ತವೆ. ಕ್ರಮವಿಧಿಯ ಭಾಷೆಯನ್ನು ಕಲಿಯದವರೂ ಈ ಕೆಲಸ ಮಾಡುವಂತಾದುದು 2007ರಲ್ಲಿ ಡೇವಿಡ್ ರಟನ್ ಅವರು ರೈನೊ ತಂತ್ರಾಂಶಕ್ಕೆ ಗ್ರಾಸ್‌ಹಾಪರ್ ಎಂಬ ಜೋಡಣೆಯನ್ನು ರಚಿಸಿದ ಮೇಲೆ. ಪರದೆಯ ಮೇಲೆ ಸಣ್ಣ ಪೆಟ್ಟಿಗೆಗಳನ್ನಿರಿಸಿ ತಂತಿಗಳಿಂದ ಬೆಸೆಯುವುದಷ್ಟೇ ಅಲ್ಲಿ ಸಾಕು. ಇದಕ್ಕೂ ಮೊದಲೇ, 2001ರಲ್ಲಿ, ಹ್ಯೂ ವೈಟ್‌ಹೆಡ್, ರಾಬರ್ಟ್ ಐಶ್ ಮೊದಲಾದ ವೃತ್ತಿನಿರತರು ಸ್ಮಾರ್ಟ್‌ಜಿಯೊಮೆಟ್ರಿ ಎಂಬ ಬಳಗವನ್ನು ಕಟ್ಟಿ, ವಿದ್ಯಾರ್ಥಿಗಳೂ ಅನುಭವಸ್ಥರೂ ಒಂದೇ ಮೇಜಿನಲ್ಲಿ ಕುಳಿತು ಕೆಲವು ದಿನಗಳ ಕಾಲ ಅಖಂಡವಾಗಿ ದುಡಿಯುವ ಕಮ್ಮಟಗಳನ್ನು ನಡೆಸತೊಡಗಿದ್ದರು. ಜಗತ್ತಿನ ಅನೇಕ ವಿಶ್ವವಿದ್ಯಾನಿಲಯಗಳಲ್ಲಿ ರಜಾಕಾಲದಲ್ಲಿ ನಡೆಯುವ ಅಲ್ಪಾವಧಿಯ ಡಿಜಿಟಲ್ ಸ್ಟುಡಿಯೊಗಳಿಗೆ ಮಾದರಿ ಇವೇ.

ಚಿತ್ರದಿಂದ ದ್ರವ್ಯದ ಕಡೆಗೆ ತಿರುಗಿದ ಹೆಜ್ಜೆಯು ಜ್ಯೂರಿಕ್ ನಗರದಲ್ಲಿ ಸ್ಪಷ್ಟವಾಗಿ ಕಾಣಿಸುತ್ತದೆ. ಅಲ್ಲಿನ ಇ.ಟಿ.ಎಚ್. ತಾಂತ್ರಿಕ ವಿಶ್ವವಿದ್ಯಾನಿಲಯದಲ್ಲಿ ಫ್ಯಾಬಿಯೊ ಗ್ರಮಾಜಿಯೊ ಮತ್ತು ಮಥಿಯಾಸ್ ಕೋಲರ್ 2005ರಲ್ಲಿ ತಮ್ಮ ಪೀಠವನ್ನು ಆರಂಭಿಸಿ, ಕಾರ್ಖಾನೆಗಳಲ್ಲಿ ಬಳಸುವ ರೋಬಾಟ್ ತೋಳೊಂದನ್ನು ವಾಸ್ತುಶಿಲ್ಪ ವಿದ್ಯಾರ್ಥಿಗಳ ಕೈಗೆ ಕೊಟ್ಟರು. 2006ರಲ್ಲಿ ನಡೆದ ನಾಲ್ಕು ವಾರಗಳ ಕಮ್ಮಟದಲ್ಲಿ ವಿದ್ಯಾರ್ಥಿಗಳಿಗೆ ಸಿಕ್ಕಿದ ದ್ರವ್ಯವು ಮಾನವನ ಅತಿ ಪ್ರಾಚೀನ ಕಟ್ಟಡ ಸಾಮಗ್ರಿಗಳಲ್ಲೊಂದಾದ ಇಟ್ಟಿಗೆ. ಪ್ರತಿಯೊಂದು ಇಟ್ಟಿಗೆಯ ಸ್ಥಾನವನ್ನೂ ತಿರುವನ್ನೂ ನಿರ್ಣಯಿಸುವ ಕ್ರಮವಿಧಿಯನ್ನು ವಿದ್ಯಾರ್ಥಿಯು ಬರೆಯಬೇಕು. ಅದರಂತೆ ರೋಬಾಟು ಒಂದೊಂದನ್ನಾಗಿ ಎತ್ತಿ, ಅಂಟು ಸವರಿ, ಕೂರಿಸುತ್ತದೆ. ನಕ್ಷೆಯ ಅಗತ್ಯವೇ ಅಲ್ಲಿ ಬೀಳಲಿಲ್ಲ; ನಿಯಮದಿಂದ ಗೋಡೆಗೆ ನೇರವಾದ ದಾರಿ. ಆದರೆ ಇಟ್ಟಿಗೆಯು ತನ್ನ ಕೆಳಗಿನ ಇಟ್ಟಿಗೆಗಳ ಮೇಲೆ ಸಾಕಷ್ಟು ಕೂರದಿದ್ದರೆ ಬೀಳುತ್ತದೆ, ಸಾಲು ಅತಿಯಾಗಿ ಹೊರಚಾಚಿದರೆ ಗೋಡೆಯೇ ವಾಲುತ್ತದೆ. ಫ್ರಾಂಪ್ಟನ್ ಕೇಳುತ್ತಿದ್ದ ಭಾರದ ಪ್ರಶ್ನೆಗೆ ಇಲ್ಲಿ ವಿದ್ಯಾರ್ಥಿಗಳು ತಪ್ಪಿಸಿಕೊಳ್ಳಲಾಗದಂತೆ ಉತ್ತರ ಕೊಡಬೇಕಾಯಿತು. ಅದೇ ವರ್ಷ ಸ್ವಿಟ್ಜರ್ಲೆಂಡಿನ ಫ್ಲೇಶ್ ಗ್ರಾಮದ ಗಾಂಟೆನ್‌ಬೈನ್ ದ್ರಾಕ್ಷಾಮದ್ಯ ತಯಾರಿಕಾ ಗೃಹಕ್ಕೆ ಇದೇ ವಿಧಾನದಿಂದ 20,000 ಇಟ್ಟಿಗೆಗಳ ಹೊರಗೋಡೆಯನ್ನು ಪ್ರಯೋಗಾಲಯದಲ್ಲಿ ಕಟ್ಟಿ, 72 ಭಾಗಗಳಾಗಿ ಲಾರಿಯಲ್ಲಿ ಸಾಗಿಸಿ ನಿಲ್ಲಿಸಲಾಯಿತು. ಇಟ್ಟಿಗೆಗಳ ತಿರುವಿನ ಸೂಕ್ಷ್ಮ ವ್ಯತ್ಯಾಸದಿಂದಲೇ ಗೋಡೆಯ ಮೇಲೆ ದೊಡ್ಡ ದ್ರಾಕ್ಷಿಗಳನ್ನು ತುಂಬಿದಂತಹ ಚಿತ್ರ ಮೂಡುವುದು; ಸಂದುಗಳಿಂದ ಒಳಕ್ಕೆ ಹದವಾದ ಬೆಳಕೂ ಗಾಳಿಯೂ ಬರುವುದು. ಸ್ಟುಡಿಯೊದ ಪಾಠವೊಂದು ಇಷ್ಟು ಶೀಘ್ರವಾಗಿ ನಿಜವಾದ ಕಟ್ಟಡವಾದ ನಿದರ್ಶನಗಳು ವಿರಳ.

ಜರ್ಮನಿಯ ಸ್ಟುಟ್‌ಗಾರ್ಟ್ ವಿಶ್ವವಿದ್ಯಾನಿಲಯದಲ್ಲಿ ಈ ಮಾರ್ಗವು ಇನ್ನೂ ಆಳಕ್ಕಿಳಿಯಿತು. ಅಲ್ಲಿ ಅದಕ್ಕೆ ಪೂರ್ವಪರಂಪರೆಯೂ ಇತ್ತು. 1964ರಲ್ಲಿ ಹಗುರ ರಚನೆಗಳ ಸಂಸ್ಥೆಯನ್ನು ಅಲ್ಲಿ ಸ್ಥಾಪಿಸಿದ ಫ್ರೈ ಓಟೊ, ತಂತಿಯ ಚೌಕಟ್ಟನ್ನು ಸಾಬೂನು ದ್ರಾವಣದಲ್ಲಿ ಅದ್ದಿ ತೆಗೆದಾಗ ಮೂಡುವ ತೆಳು ಪೊರೆಯು ಕನಿಷ್ಠ ವಿಸ್ತೀರ್ಣದ ಮೇಲ್ಮೈಯನ್ನು ತಾನೇ ಕಂಡುಕೊಳ್ಳುವುದೆಂಬುದನ್ನು ಬಳಸಿಕೊಂಡು, ಗುಡಾರದಂತಹ ಮಾಡುಗಳನ್ನು ರೂಪಿಸಿದ್ದರು. 1972ರ ಮ್ಯೂನಿಕ್ ಒಲಿಂಪಿಕ್ ಕ್ರೀಡಾಂಗಣದ ಮಾಡಿನಲ್ಲಿ ಅವರ ಕೈವಾಡವಿದೆ. ಗಣಕಕ್ಕೆ ಮೊದಲೇ ದ್ರವ್ಯವೇ ಗಣಿಸುತ್ತಿತ್ತೆನ್ನಬಹುದು. ಇಂತಹ ನೆಲದಲ್ಲಿ 2008ರಲ್ಲಿ ಆಖಿಮ್ ಮೆಂಗೆಸ್ ಅವರ ನೇತೃತ್ವದಲ್ಲಿ ಗಣಕೀಯ ವಿನ್ಯಾಸದ ಸಂಸ್ಥೆಯೊಂದು ಹುಟ್ಟಿ, ಯಾನ್ ಕ್ನಿಪ್ಪರ್ಸ್ ಅವರ ರಚನಾಶಾಸ್ತ್ರ ಸಂಸ್ಥೆಯೊಡನೆ ಕೂಡಿ, 2010ರಿಂದ ವಿದ್ಯಾರ್ಥಿಗಳು ಮತ್ತು ಸಂಶೋಧಕರಿಂದ ಮಂಟಪಗಳನ್ನು ಕಟ್ಟಿಸತೊಡಗಿತು. 2010ರ ಮಂಟಪದಲ್ಲಿ 6.5 ಮಿಲಿಮೀಟರು ದಪ್ಪದ ಬರ್ಚ್ ಪ್ಲೈವುಡ್ಡಿನ ಪಟ್ಟಿಗಳನ್ನು ಬಾಗಿಸಿ, ಬಾಗಿದ ಮರದಲ್ಲಿ ಉಳಿಯುವ ಬಿಗುಪನ್ನೇ ಬಲವನ್ನಾಗಿ ಮಾಡಿಕೊಳ್ಳಲಾಯಿತು. ಮರುವರ್ಷದ ಮಂಟಪಕ್ಕೆ ಸಮುದ್ರದ ಒಂದು ಚಪ್ಪಟೆ ಜೀವಿಯ ಕವಚದ ಫಲಕಗಳು ಬೆರಳುಗಳಂತೆ ಹೆಣೆದುಕೊಳ್ಳುವ ಬಗೆ ಆಧಾರವಾಯಿತು. 850ಕ್ಕೂ ಮೀರಿದ ಅದರ ಬಿಡಿಭಾಗಗಳಲ್ಲಿ ಒಂದರಂತೆ ಇನ್ನೊಂದಿರಲಿಲ್ಲ, ರೋಬಾಟು ಕತ್ತರಿಸಿದ ಬೆರಳುಗಂಟುಗಳು ಲಕ್ಷದಷ್ಟಿದ್ದವು. 2012ರಲ್ಲಿ ಕಡಲೇಡಿಯ ಹೊರಕವಚದ ನಾರಿನ ಜೋಡಣೆಯನ್ನು ಅಭ್ಯಸಿಸಿ, ಗಾಜಿನ ಮತ್ತು ಇಂಗಾಲದ ನಾರುಗಳನ್ನು ರೋಬಾಟಿನಿಂದ ಸುತ್ತಿಸಿ ಕಟ್ಟಿದ ಗುಮ್ಮಟದ ದಪ್ಪ ಕೇವಲ 4 ಮಿಲಿಮೀಟರು. ಹರಹು 8 ಮೀಟರು. ಜೀವಶಾಸ್ತ್ರಜ್ಞರೂ ಎಂಜಿನಿಯರರೂ ವಿದ್ಯಾರ್ಥಿಗಳೊಡನೆ ಕುಳಿತ ಈ ಸ್ಟುಡಿಯೊಗಳಲ್ಲಿ ಜ್ಯೂರಿಯ ಪ್ರಶ್ನೆಯೇ ಬದಲಾಯಿತು: ಚೆನ್ನಾಗಿ ಕಾಣುತ್ತದೆಯೇ ಎಂಬುದಕ್ಕಿಂತ ಮೊದಲು ನಿಲ್ಲುತ್ತದೆಯೇ, ಏಕೆ ನಿಲ್ಲುತ್ತದೆ ಎಂಬುದನ್ನು ವಿದ್ಯಾರ್ಥಿಯು ಸಕಾರಣವಾಗಿ ವಿವರಿಸಬೇಕಾಯಿತು. ಡಿಜಿಟಲ್ ಸ್ಟುಡಿಯೊವು ಪ್ರೌಢಾವಸ್ಥೆಗೆ ಬಂದುದು ಇಲ್ಲಿಯೇ ಎಂಬುದು ಈ ಲೇಖಕನ ಅಭಿಪ್ರಾಯ.

ತೀವ್ರತೆಗೆ ತೆರಬೇಕಾದ ಬೆಲೆಯ ವಿಚಾರವನ್ನು ಮರೆಮಾಚಬಾರದು. ರಾತ್ರಿಯಿಡೀ ನಿದ್ದೆಗೆಟ್ಟು ಸಬ್ಮಿಷನ್ ಮುಗಿಸುವುದನ್ನು ಶೌರ್ಯವೆಂದು ಬಗೆಯುವ ರೂಢಿ ಅನೇಕ ದೇಶಗಳ ವಾಸ್ತುಶಿಲ್ಪ ಶಾಲೆಗಳಲ್ಲಿ ಇದೆ. ಗಣಕವು ಶ್ರಮವನ್ನು ತಗ್ಗಿಸುವುದೆಂಬ ನಿರೀಕ್ಷೆ ಫಲಿಸಲಿಲ್ಲ. ಬದಲಿಸುವುದು ಸುಲಭವಾದುದರಿಂದ ಕೊನೆಯ ಗಳಿಗೆಯವರೆಗೂ ಬದಲಿಸುತ್ತಿರುವುದೇ ಅಭ್ಯಾಸವಾಯಿತು. ಅಮೆರಿಕದ ವಾಸ್ತುಶಿಲ್ಪ ವಿದ್ಯಾರ್ಥಿಗಳ ಸಂಸ್ಥೆಯು 2002ರಲ್ಲಿ ಸ್ಟುಡಿಯೊ ಸಂಸ್ಕೃತಿಯನ್ನು ಕುರಿತು ಪ್ರಕಟಿಸಿದ ವರದಿಯಲ್ಲಿ ನಿದ್ರೆ, ಆರೋಗ್ಯ, ಪರಸ್ಪರ ಗೌರವ, ಜ್ಯೂರಿಯಲ್ಲಿ ವಿದ್ಯಾರ್ಥಿಯನ್ನು ನಡೆಸಿಕೊಳ್ಳುವ ರೀತಿ ಇವೆಲ್ಲವನ್ನೂ ನೇರವಾಗಿ ಎತ್ತಿಕೊಂಡಿತು. ತರುವಾಯ ಅಲ್ಲಿನ ಮಾನ್ಯತಾ ಮಂಡಲಿಯು ಪ್ರತಿಯೊಂದು ಶಾಲೆಯೂ ಈ ವಿಷಯದಲ್ಲಿ ಲಿಖಿತ ನೀತಿಯನ್ನು ಹೊಂದಿರಬೇಕೆಂದು ವಿಧಿಸಿತು. ನಿದ್ದೆಗೆಟ್ಟ ಕಣ್ಣು ಒಳ್ಳೆಯ ಪ್ರಮಾಣವನ್ನು ಗುರುತಿಸಲಾರದು. ಅವಧಿ ಕಿರಿದಾದಷ್ಟೂ ಅಧ್ಯಾಪಕನ ಹೊಣೆ ಹಿರಿದು.

2020ರ ಮಹಾಮಾರಿಯ ಕಾಲದಲ್ಲಿ ಜಗತ್ತಿನ ಬಹುತೇಕ ಸ್ಟುಡಿಯೊಗಳು ಕೆಲಕಾಲ ಪರದೆಯೊಳಗೇ ನಡೆದವು. ಪಕ್ಕದ ಮೇಜಿನವನ ಕೆಲಸವನ್ನು ಓರೆಗಣ್ಣಿನಿಂದ ನೋಡಿ ಕಲಿಯುವುದು ತಪ್ಪಿತೆಂಬುದೇ ವಿದ್ಯಾರ್ಥಿಗಳ ಮುಖ್ಯ ನಷ್ಟ. 2022ರಿಂದೀಚೆಗೆ ನಾಲ್ಕು ಪದಗಳನ್ನು ಬರೆದರೆ ಕಟ್ಟಡದ ಚಿತ್ರವನ್ನು ಮಾಡಿಕೊಡುವ ಕೃತಕ ಬುದ್ಧಿಮತ್ತೆಯ ಸಾಧನಗಳು ಸ್ಟುಡಿಯೊಗಳನ್ನು ಪ್ರವೇಶಿಸಿವೆ. ಅಂಥ ಚಿತ್ರದ ಹಿಂದೆ ನಿಯಮವೂ ಇಲ್ಲ, ತೂಕವೂ ಇಲ್ಲ. ಹೀಗಾಗಿ ಮೊದಲ ಪೇಪರ್‌ಲೆಸ್ ಸ್ಟುಡಿಯೊದ ದೋಷವು ಹಲವು ಮಡಿ ಹೆಚ್ಚಾಗಿ ಮರಳುವ ಅಪಾಯವಿದೆ.

ಭಾರತದಲ್ಲಿ ವಾಸ್ತುಶಿಲ್ಪ ಶಿಕ್ಷಣವು 1972ರ ಅಧಿನಿಯಮದಿಂದ ಸ್ಥಾಪಿತವಾದ ವಾಸ್ತುಶಿಲ್ಪ ಪರಿಷತ್ತಿನ ಮಾರ್ಗದರ್ಶನಕ್ಕೆ ಒಳಪಟ್ಟಿದ್ದು, ಬಿ.ಆರ್ಕ್. ಪದವಿ ಐದು ವರ್ಷಗಳದು. ಕರ್ನಾಟಕದ ಅನೇಕ ಕಾಲೇಜುಗಳು 1998ರಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯಕ್ಕೆ ಸೇರಿವೆ. ವಿದ್ಯಾರ್ಥಿಗಳಲ್ಲಿ ಲ್ಯಾಪ್‌ಟಾಪು ಈಗ ಸಾಮಾನ್ಯ; ತಂತ್ರಾಂಶವನ್ನು ಹಿರಿಯ ವಿದ್ಯಾರ್ಥಿಗಳಿಂದ ಕಲಿಯುವ ಪ್ಯಾರಿಸಿನ ಕಾರ್ಯಶಾಲೆಯ ಪದ್ಧತಿ ನಮ್ಮ ಹಾಸ್ಟೆಲುಗಳಲ್ಲಿ ಜೀವಂತವಾಗಿದೆ. ಕೊರತೆಯಿರುವುದು ದ್ರವ್ಯದ ಪರೀಕ್ಷೆಯಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ಕೇಂದ್ರವು ಸ್ವಲ್ಪ ಸಿಮೆಂಟು ಬೆರೆಸಿ ಒತ್ತಿದ, ಸುಡದ ಮಣ್ಣಿನ ಇಟ್ಟಿಗೆಯನ್ನು ವೈಜ್ಞಾನಿಕವಾಗಿ ಅಭ್ಯಸಿಸಿ ಜನರಿಗೆ ತಲುಪಿಸಿತು. ಜ್ಯೂರಿಕ್ಕಿನವರು ಸುಟ್ಟ ಇಟ್ಟಿಗೆಯಿಂದ ಕಲಿಸಿದ ಪಾಠವನ್ನು ಈ ಮಣ್ಣಿನ ಇಟ್ಟಿಗೆಯಿಂದ ಕಲಿಸಲು ದುಬಾರಿ ರೋಬಾಟು ಬೇಕಿಲ್ಲ; ಗಣಕದ ನಿಯಮವೂ ಗಾರೆಯವರ ಕೈಯೂ ಸಾಕು. ಇಂತಹ ಸ್ಟುಡಿಯೊವನ್ನು ನಮ್ಮ ಕಾಲೇಜುಗಳು ಪಠ್ಯದೊಳಗೇ ನಡೆಸುವುದು ಯೋಗ್ಯ.

ಇನ್ನೊಂದು ಕಾರ್ಯ ಉಳಿದಿದೆ, ಅದು ಕಾಪಿಡುವುದು. ಮೊದಲ ಡಿಜಿಟಲ್ ಸ್ಟುಡಿಯೊಗಳ ಯಂತ್ರಗಳು ಹಳಸಿಹೋದವು, ತಂತ್ರಾಂಶಗಳು ನಿಂತುಹೋದವು, ಕಡತಗಳಲ್ಲಿ ಹಲವನ್ನು ತೆರೆಯುವುದೇ ಕಷ್ಟವಾಗಿದೆ. ಈ ನಷ್ಟವನ್ನು ಮನಗಂಡ ಮಾಂಟ್ರಿಯಲ್‌ನ ಕೆನೇಡಿಯನ್ ಸೆಂಟರ್ ಫಾರ್ ಆರ್ಕಿಟೆಕ್ಚರ್ ಸಂಸ್ಥೆಯು 2013ರಲ್ಲಿ ಗ್ರೆಗ್ ಲಿನ್ ಅವರನ್ನೇ ಸಂಯೋಜಕರನ್ನಾಗಿಸಿ, ಗೆರಿ, ಪೀಟರ್ ಐಸೆನ್‌ಮನ್, ಚಕ್ ಹೋಬರ್ಮನ್, ಜಪಾನಿನ ಶೋಯಿ ಯೋ ಇವರ ಆರಂಭಕಾಲದ ಕೃತಿಗಳನ್ನು ಮೂಲ ಕಡತಗಳ ಸಹಿತ ಸಂಗ್ರಹಿಸಿ ಪ್ರದರ್ಶಿಸಿತು. ನಮ್ಮಲ್ಲಿ ಪ್ರತಿವರ್ಷವೂ ಕೊನೆಯ ವರ್ಷದ ವಿದ್ಯಾರ್ಥಿಗಳು ಸಿದ್ಧಪಡಿಸುವ ಥೀಸಿಸ್ ವಿನ್ಯಾಸಗಳಲ್ಲಿ ಅನೇಕವು ಜ್ಯೂರಿ ಮುಗಿದ ಕೆಲವೇ ವರ್ಷಗಳಲ್ಲಿ ಹಳೆಯ ಹಾರ್ಡ್ ಡಿಸ್ಕುಗಳೊಡನೆ ನಾಶವಾಗುತ್ತಿವೆ. ಪ್ರತಿಯೊಂದು ಕೃತಿಯ ಮೂಲ ಕಡತವನ್ನೂ, ಯಾವ ತಂತ್ರಾಂಶದ ಯಾವ ಆವೃತ್ತಿಯಲ್ಲಿ ಮಾಡಿದುದೆಂಬ ಟಿಪ್ಪಣಿಯನ್ನೂ, ಒಂದು ಮುದ್ರಿತ ಪ್ರತಿಯನ್ನೂ ಗ್ರಂಥಾಲಯದಲ್ಲಿ ಇರಿಸಿಕೊಳ್ಳುವುದಕ್ಕೆ ತಗಲುವ ವೆಚ್ಚ ಅತ್ಯಲ್ಪ. ಕರ್ನಾಟಕದ ವಾಸ್ತುಶಿಲ್ಪ ಕಾಲೇಜುಗಳು ಈ ಕೆಲಸವನ್ನು ಮುಂದಿನ ವರ್ಷಕ್ಕೆಂದು ಬಿಡದೆ ಈ ವರ್ಷದ ಥೀಸಿಸ್‌ಗಳಿಂದಲೇ ಆರಂಭಿಸಬೇಕೆಂದು ಕೋರುತ್ತೇನೆ.